ಮಾವನ ಮೋಟರಿನ ತಾಳ

“ಈ ಮೋಟರಿನ ತಾಳ ನಾನೇ ಕೂರಿಸುತ್ತೇನೆ!”

ಹೀಗೆಂದು ನಾನು ಘೋಷಿಸಿದ್ದು 1974ರ ಏಪ್ರಿಲ್ ತಿಂಗಳಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಮುಂದೆ, ಸ್ಪ್ಯಾನರನ್ನು ರಾಜದಂಡದ ಹಾಗೆ ಎತ್ತಿ ಹಿಡಿದು. ಕೇಳಲು ಆ ರಾಜ್ಯದಲ್ಲಿದ್ದ ಪ್ರಜೆ ಒಬ್ಬಳೇ, ನನ್ನ ಹೆಂಡತಿ ಲೆಂಪಿ. ಅವಳು ಏಲಕ್ಕಿ ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು. ತಲೆ ಎತ್ತದೆ, “ತಾಳು,” ಎಂದಳು.

ನಾನು ಅದನ್ನೂ ತಾಳದ ವಿಷಯವೇ ಎಂದು ತಿಳಿದು ಭಾಷಣ ಮುಂದುವರಿಸಿದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಆಲ್ಡರ್ ಸರೋವರದ ಪಕ್ಕದ ಊರಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬ್ಯಾಂಡ್ ಕಲಿಸುತ್ತಿದ್ದ ಮೇಷ್ಟ್ರು ನಾನು. ಸಂಜೆಯಾದರೆ ನಮ್ಮ ದೋಣಿಕಟ್ಟೆಯ ಮೇಲೆ ನಿಂತು, ಇಡೀ ಸರೋವರಕ್ಕೆ ಕೇಳುವ ಹಾಗೆ ಕಹಳೆ ಊದುತ್ತಿದ್ದೆ. ಮೂವತ್ತು ಮಕ್ಕಳು ಒಟ್ಟಿಗೆ ಊದುತ್ತಿದ್ದರೂ ಹಿಂದಿನ ಸಾಲಿನ ಮೂರನೆಯ ಕ್ಲಾರಿನೆಟ್ಟು ಕೂದಲೆಳೆಯಷ್ಟು ತಡವಾದರೆ ನನ್ನ ಕಿವಿ ಹಿಡಿದುಬಿಡುತ್ತಿತ್ತು. ಇಂಥ ಕಿವಿಗೆ ಎರಡೇ ಎರಡು ಸಿಲಿಂಡರಿನ ದೋಣಿ ಮೋಟರು ಯಾವ ಲೆಕ್ಕ!

ಮೋಟರು ಲೆಂಪಿಯ ಅಪ್ಪ ನೀಲೋ ಅವರದು. ಜೀವಮಾನವೆಲ್ಲ ಕಬ್ಬಿಣದ ಗಣಿಯಲ್ಲಿ ದುಡಿದ ಮನುಷ್ಯ. ವಾರಕ್ಕೆ ಏಳು ಮಾತು ಆಡುತ್ತಿದ್ದರು, ಅದರಲ್ಲಿ ಮೂರು ಮೀನಿನ ಮೇಲೆ. ದೋಣಿಯ ಹಿಂಭಾಗಕ್ಕೆ ಈ ಮೋಟರನ್ನು ಸಿಕ್ಕಿಸಿ, ಹಗ್ಗ ಸುತ್ತಿ ಎಳೆದು, ನಲವತ್ತು ವರ್ಷ ಅದೇ ಸರೋವರದಲ್ಲಿ ಓಡಾಡಿದರು. ಎರಡು ಚಳಿಗಾಲದ ಹಿಂದೆ ಅವರು ಹೋದರು. ಅಂದಿನಿಂದ ಮೋಟರು ಉಗಿಸ್ನಾನ ಮಾಡುವ ಸೌನಾ ಮನೆಯ ಹೊರಕೋಣೆಯಲ್ಲಿ ಗೋಣಿ ಹೊದ್ದು ತೂಗಾಡುತ್ತಿತ್ತು. ಲೆಂಪಿಯೂ ಅಂದಿನಿಂದ ದೋಣಿ ಹತ್ತಿರಲಿಲ್ಲ. ಸರೋವರದ ದಡದಲ್ಲೇ ಮನೆ, ಹುಟ್ಟಿದ್ದು ಬೆಳೆದದ್ದು ಅದೇ ನೀರಿನಲ್ಲಿ, ಆದರೂ ಹತ್ತಿರಲಿಲ್ಲ. ನಾನು ಕರೆದಾಗಲೆಲ್ಲ ಕೆಲಸವಿದೆ ಎನ್ನುತ್ತಿದ್ದಳು. ಒಮ್ಮೆ ಮಾತ್ರ, ಪಾತ್ರೆ ಒರೆಸುತ್ತಾ, ಕಿಟಕಿಯ ಕಡೆ ನೋಡಿಕೊಂಡು, “ಅಪ್ಪನ ಮೋಟರಿನ ಸದ್ದು ಕೇಳಿದ್ರೆ ಹತ್ತುತ್ತೀನಿ,” ಎಂದಿದ್ದಳು.

ಅಷ್ಟು ಸಾಕಿತ್ತು ನನಗೆ. ಮೀನು ಹಿಡಿಯುವ ಕಾಲ ಶುರುವಾಗುವುದು ಮೇ ತಿಂಗಳ ಮಧ್ಯದ ಶನಿವಾರ. ಆ ಬೆಳಿಗ್ಗೆ ಸರೋವರದ ಸುತ್ತಲಿನವರೆಲ್ಲ ದೋಣಿ ಇಳಿಸುವಾಗ ಲೆಂಪಿ ನನ್ನೊಡನೆ ದೋಣಿಯಲ್ಲಿರಬೇಕು. ಇದೇ ನನ್ನ ಮಹಾಸಂಕಲ್ಪ.

ಮಂಜುಗಡ್ಡೆ ಕರಗುವಷ್ಟರಲ್ಲಿ ನಾನು ಮೋಟರನ್ನು ಪೂರ್ತಿ ಬಿಚ್ಚಿ ಹಾಕಿದ್ದೆ. ಬಿಚ್ಚುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಪಿಸ್ಟನ್ನುಗಳು ಬ್ರೆಡ್ಡಿನ ತಗಡುಗಳಲ್ಲಿ ಮಲಗಿದವು, ನಟ್ಟು ಬೋಲ್ಟುಗಳು ಕಾಫಿ ಡಬ್ಬಿ ಸೇರಿದವು, ಕಾಫಿಪುಡಿ ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. ಎರಡು ವಾರ ನಮ್ಮ ಮನೆಯ ಬ್ರೆಡ್ಡಿನಲ್ಲಿ ಏಲಕ್ಕಿಗಿಂತ ಪೆಟ್ರೋಲಿನ ಘಮವೇ ಮುಂದಿತ್ತು. ಮನೆಗೆ ಬಂದ ಪಾದ್ರಿಗಳು ಎರಡನೆಯ ತುಂಡು ಬೇಡ ಎಂದರು. ಆ ಊರಿನ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು.

ಸವೆದದ್ದನ್ನೆಲ್ಲ ಬದಲಿಸಿದೆ. ಉಳಿದದ್ದನ್ನು ಪೆಟ್ರೋಲಿನಲ್ಲಿ ಅದ್ದಿ, ಉಕ್ಕಿನ ನಾರು ಹಾಕಿ, ಮುಖ ಕಾಣುವ ಹಾಗೆ ಉಜ್ಜಿದೆ. ಮೋಟರಿನ ತಲೆಯ ಮೇಲೆ ಒಂದು ಭಾರದ ಗಾಲಿ ಇರುತ್ತದೆ, ಹಗ್ಗ ಸುತ್ತುವುದು ಅದಕ್ಕೇ. ಆ ಗಾಲಿಯಂತೂ ಚರ್ಚಿನ ಬೆಳ್ಳಿ ಬಟ್ಟಲಿನ ಹಾಗೆ ಫಳಫಳ ಎನ್ನುತ್ತಿತ್ತು. ಹೆಮ್ಮೆಯಿಂದ ಲೆಂಪಿಯನ್ನು ಕರೆದು ತೋರಿಸಿದೆ. ಅವಳು ಗಾಲಿಯನ್ನು ಒಂದು ಸುತ್ತು ತಿರುಗಿಸಿ ನೋಡಿದಳು. ಇನ್ನೊಂದು ಸುತ್ತು ತಿರುಗಿಸಿದಳು.

“ಇಲ್ಲೊಂದು ಕೆಂಪು ಗುರುತಿತ್ತಲ್ಲ?”

“ತುಕ್ಕು. ಉಜ್ಜೀ ಉಜ್ಜೀ ತೆಗೆದೆ,” ಎಂದೆ. “ಬಿಡೋದೇ ಇಲ್ಲ ಅಂತಿತ್ತು.”

“ಅದು ಅಮ್ಮನ ಉಗುರು ಬಣ್ಣ.”

ನಾನು ನಕ್ಕೆ. ಮೋಟರಿಗೆ ಉಗುರು ಬಣ್ಣ ಹಚ್ಚುವವರು ಯಾರು?

“ಅಪ್ಪ. ತಾಳ ಕೂರಿಸೋಕೆ ಇಟ್ಟಿದ್ದ ಗುರುತು ಅದು.”

ಮೋಟರಿನಲ್ಲಿ ಇನ್ನೂ ಕಿಡಿ ಹುಟ್ಟಿರಲಿಲ್ಲ, ಅವಳ ಕಣ್ಣಿನಲ್ಲಿ ಹುಟ್ಟಿತು. ಬಯ್ಯಲಿಲ್ಲ. ಆ ಸರೋವರದ ಜನ ಬಯ್ಯುವುದಿಲ್ಲ. ಒಳಗೆ ಹೋಗಿ ಬಾಗಿಲನ್ನು ಬಹಳ ಮೆತ್ತಗೆ ಹಾಕಿಕೊಂಡಳು. ಆ ಮೆತ್ತಗಿನ ಸದ್ದು ನನ್ನ ಎದೆಗೆ ಹೊಡೆದ ಹಾಗೆ ಯಾವ ಬ್ಯಾಂಡಿನ ನಗಾರಿಯೂ ಹೊಡೆದಿಲ್ಲ.

ಮೋಟರಿನ ತಾಳ ಎಂದರೆ ಇಷ್ಟೇ. ಪಿಸ್ಟನ್ನು ಮೇಲೇರುತ್ತದೆ, ತುದಿ ಮುಟ್ಟುವ ತುಸು ಮೊದಲು ಕಿಡಿ ಹಾರಬೇಕು. ಬಹಳ ಮೊದಲಾದರೆ ಮೋಟರು ಒದೆಯುತ್ತದೆ, ತಡವಾದರೆ ಆಕಳಿಸುತ್ತದೆ. ಗಾಲಿಯ ಕೆಳಗೆ ಪುಟ್ಟ ಲೋಹದ ತುಟಿಗಳಿರುತ್ತವೆ, ಒಂದೊಂದು ಸಿಲಿಂಡರಿಗೂ ಒಂದೊಂದು ಜೋಡಿ. ಆ ತುಟಿ ಬಿಚ್ಚಿದ ಗಳಿಗೆಯಲ್ಲಿ ಕಿಡಿ. ಗಾಲಿಯ ಮೇಲಿನ ಗುರುತು ಮೋಟರಿನ ಗುರುತಿಗೆ ಸರಿಯಾಗಿ ಬಂದಾಗ ತುಟಿ ಬಿಚ್ಚಬೇಕು. ಗುರುತನ್ನೇ ಉಜ್ಜಿ ತೆಗೆದ ಮಹಾನುಭಾವ ಏನು ಮಾಡಬೇಕು?

ಪಕ್ಕದ ದೋಣಿಕಟ್ಟೆಯ ಮುದುಕ ವೈನೋ ಅವರನ್ನು ಕೇಳೋಣವೆಂದು ಲೆಂಪಿ ಹೇಳಿದಳು. ನೀಲೋ ಅವರ ಜೊತೆಗಾರ, ಅವರೊಡನೆ ಅರ್ಧ ಶತಮಾನ ಮಾತಾಡದೆ ಕೂತವರು. ಕೇಳಿದರೆ ಬ್ಯಾಂಡ್ ಮೇಷ್ಟ್ರ ಮಾನ ಉಳಿಯುತ್ತದೆಯೇ? ಆದರೂ ಹವಾಮಾನದ ಮಾತಿನ ನಡುವೆ ಜಾಣತನದಿಂದ ಒಂದು ಗುಟ್ಟನ್ನು ಹೊರಡಿಸಿದೆ. ತುಟಿಗಳ ನಡುವೆ ಸಿಗರೇಟು ಸುತ್ತುವ ತೆಳು ಕಾಗದ ಇಟ್ಟು, ಮೆಲ್ಲಗೆ ಎಳೆಯುತ್ತಾ ಗಾಲಿ ತಿರುಗಿಸಬೇಕಂತೆ. ಕಾಗದ ಸಡಿಲವಾಗಿ ಕೈಗೆ ಬಂದರೆ ತುಟಿ ಬಿಚ್ಚಿತು ಎಂದರ್ಥ.

ನಮ್ಮ ಮನೆಯಲ್ಲಿ ಸಿಗರೇಟು ಸೇದುವವರಿರಲಿಲ್ಲ. ಹೊಲಿಗೆ ಪೆಟ್ಟಿಗೆಯಲ್ಲಿ ಮಾತ್ರ ಗಾಳಿಗೆ ಹಾರುವಂಥ ತೆಳು ಕಾಗದ ಹಾಳೆಗಟ್ಟಲೆ ಇತ್ತು. ಮೂಲೆಯಿಂದ ಬೆರಳಗಲ ಕತ್ತರಿಸಿಕೊಂಡರೆ ಯಾರಿಗೆ ಗೊತ್ತಾಗುತ್ತದೆ? ಅದು ಲೆಂಪಿ ತನ್ನ ತಂಗಿಯ ಮಗಳ ಉಡುಪಿಗೆ ಬಟ್ಟೆ ಕತ್ತರಿಸಲು ಬರೆದಿಟ್ಟ ಅಳತೆಯ ನಮೂನೆ, ಅದರಲ್ಲೂ ಎಡಗೈ ತೋಳು ಎನ್ನುವುದು ನನಗೆ ಜೂನ್ ತಿಂಗಳಲ್ಲಿ ತಿಳಿಯಿತು. ಆ ಹುಡುಗಿಯ ಪದವಿ ಸಮಾರಂಭದ ಫೋಟೋದಲ್ಲಿ ಎಡಗೈ ಬೆನ್ನ ಹಿಂದಿದೆ.

ಇನ್ನು ಗುರುತು. ಗಾಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಾಗ ಅಂಚಿನಲ್ಲಿ ಒಂದು ಗೆರೆ ಕಂಡಿತು! ನೇರ, ತೆಳು, ಹೊಳೆಯುವ ಗೆರೆ. ಕಾರ್ಖಾನೆಯಲ್ಲೇ ಕೊರೆದಿಟ್ಟ ಗುರುತು ಇದು, ಮಾವನವರು ಸುಮ್ಮನೆ ಉಗುರು ಬಣ್ಣ ಹಾಳು ಮಾಡಿದರು ಎಂದುಕೊಂಡೆ. ಆ ಗೆರೆಗೆ ಸರಿಯಾಗಿ, ಕಾಗದ ಎಳೆದೆಳೆದು, ಎರಡೂ ಜೋಡಿ ತುಟಿಗಳನ್ನು ಕೂರಿಸಿ ಸ್ಕ್ರೂ ಬಿಗಿದೆ.

ಆ ಶನಿವಾರ ಬಂತು. ಆಕಾಶ ತೊಳೆದಿಟ್ಟ ಹಾಗಿತ್ತು. ದಡದುದ್ದಕ್ಕೂ ಒಂದೊಂದು ಕಟ್ಟೆಯ ಮೇಲೂ ಕುರ್ಚಿ, ಕುರ್ಚಿಯಲ್ಲೊಬ್ಬರು, ಕೈಯಲ್ಲಿ ಕಾಫಿ. ನನ್ನ ಬೆನ್ನ ಹಿಂದೆ ಹಲಗೆ ಕಿರುಗುಟ್ಟಿತು. ತಿರುಗಿದರೆ ಲೆಂಪಿ. ಅವಳ ಅಪ್ಪನ ಹಳೆಯ ಉಣ್ಣೆ ಕೋಟು ಹಾಕಿಕೊಂಡಿದ್ದಳು. ತೋಳು ಎರಡು ಮಡಿಕೆ ಮಡಿಸಿ, ಹೊರಡಲು ತಯಾರಾಗಿ ನಿಂತಿದ್ದಳು.

“ಮೊದಲು ಸದ್ದು ಕೇಳ್ತೀನಿ,” ಎಂದಳು.

ಈ ಹಳೆಯ ಮೋಟರುಗಳಿಗೆ ಗೇರಿಲ್ಲ. ಹೊತ್ತಿಕೊಂಡರೆ ಹೊರಟಿತು. ಅದಕ್ಕೇ ಮೊದಲೇ ದೋಣಿ ಬಿಚ್ಚಿಕೊಂಡು ನಾಲ್ಕು ಮಾರು ಆಚೆ ಹುಟ್ಟು ಹಾಕಿದೆ. ಹಗ್ಗ ಸುತ್ತಿ ಎಳೆದೆ. ಮೋಟರು ಒದೆಯಿತು. ಹಗ್ಗ ನನ್ನ ಕೈಯಿಂದ ಕಿತ್ತುಕೊಂಡು, ತಿರುಗಿ ಬಂದು, ತಲೆಯ ಮೇಲಿದ್ದ ಟೋಪಿಯನ್ನು ಸರೋವರಕ್ಕೆ ಕಾಣಿಕೆ ಕೊಟ್ಟಿತು. ನಾನು ಸೋಲುವವನೇ? ಎರಡನೆಯ ಸಲ ಎಳೆದೆ. ಮೋಟರು ಗರ್ಜಿಸಿತು! ದೋಣಿ ಹೊರಟಿತು!

ಹಿಂದಕ್ಕೆ.

ಕಿಡಿ ಅಷ್ಟು ಮೊದಲೇ ಹಾರಿದರೆ ಪಿಸ್ಟನ್ನು ತುದಿ ಮುಟ್ಟದೆ ವಾಪಸು ಬರುತ್ತದೆ, ಇಡೀ ಮೋಟರು ಉಲ್ಟಾ ತಿರುಗಲು ಶುರುಮಾಡುತ್ತದೆ. ಇದನ್ನು ನಾನು ಆಮೇಲೆ ಓದಿ ತಿಳಿದೆ. ಆಗ ತಿಳಿದದ್ದು ಇಷ್ಟೇ, ನಾನು ಪೂರ್ವಕ್ಕೆ ಮುಖಮಾಡಿ ಪಶ್ಚಿಮಕ್ಕೆ ಹೋಗುತ್ತಿದ್ದೆ. ವೇಗ ತಗ್ಗಿಸುವ ಸನ್ನೆಗೋಲನ್ನು ನಿಧಾನದ ಕಡೆಗೆ ತಳ್ಳಿದೆ. ಉಲ್ಟಾ ಓಡುವ ಮೋಟರಿಗೆ ನಿಧಾನವೇ ಜೋರು! ಅದು ಇನ್ನಷ್ಟು ಹುರುಪಿನಿಂದ ಓಡಿತು. ಪೆಟ್ರೋಲಿನ ನಲ್ಲಿ ಮುಚ್ಚಿದೆ. ಒಳಗೆ ಉಳಿದಿದ್ದ ಪೆಟ್ರೋಲು ಮುಗಿಯುವ ತನಕ ನಿಲ್ಲುವುದಿಲ್ಲ ಎಂದು ಅದು ಹಟ ಹಿಡಿಯಿತು.

ಹೀಗೆ ನನ್ನ ಮೆರವಣಿಗೆ ದಡದುದ್ದಕ್ಕೂ ಬೆನ್ನು ಮುಂದಾಗಿ ಸಾಗಿತು. ಬೇರೆ ಯಾವ ಊರಲ್ಲಾದರೂ ಜನ ಬಿದ್ದು ಬಿದ್ದು ನಗುತ್ತಿದ್ದರು. ನಕ್ಕಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಇಲ್ಲಿ ಪ್ರತಿ ಕಟ್ಟೆಯಲ್ಲೂ ಒಬ್ಬೊಬ್ಬರು ಗಂಭೀರವಾಗಿ ಒಂದು ಬೆರಳು ಎತ್ತಿ ನಮಸ್ಕಾರ ತಿಳಿಸಿದರು. ನಾನೂ ಬೆರಳು ಎತ್ತಿದೆ. ವೈನೋ ಅವರ ಕಟ್ಟೆಯ ಮುಂದೆ ಹಾದಾಗ ಅವರು ಕಾಫಿ ಲೋಟ ತುಟಿಯಿಂದ ಇಳಿಸಿದರು.

“ಹಿಂದಕ್ಕೋ?”

“ಹೌದು,” ಎಂದೆ.

ಅವರು ತುಸು ಯೋಚಿಸಿ, “ಹೂಂ,” ಎಂದರು.

ದೋಣಿಯ ಹಿಂಭಾಗ ತಗ್ಗು. ಹಿಂದಕ್ಕೆ ಓಡಿದರೆ ನೀರು ನೆಂಟರ ಹಾಗೆ ಕೇಳದೆ ಒಳಗೆ ಬರುತ್ತದೆ. ಮೊಣಕಾಲಿನವರೆಗೆ ಬಂದಾಗ ಮೋಟರು ಗೊರಕೆ ಹೊಡೆದು ಸತ್ತಿತು, ದೋಣಿ ಹಿಲ್ಯಾ ಎಂಬ ವಿಧವೆಯ ಕಟ್ಟೆಯ ಮುಂದೆ ಮೆತ್ತಗೆ ತಳ ಮುಟ್ಟಿ ಕೂತಿತು. ಕರಗಿ ಹತ್ತು ದಿನವಾದ ಮಂಜುಗಡ್ಡೆಯ ನೀರಿನಲ್ಲಿ ಸೊಂಟದವರೆಗೆ ನಾನು ನಿಂತಿದ್ದೆ. ಆಕೆ ಒಳಗೆ ಹೋದರು, ಕಾಫಿ ತಂದು ನೀರಿನ ಮೇಲೆ ಬಾಗಿ ನನ್ನ ಕೈಗೆ ಕೊಟ್ಟರು, ಸಕ್ಕರೆ ಎಷ್ಟು ಎಂದು ಮಾತ್ರ ಕೇಳಿದರು.

ಚಳಿ, ನಾಚಿಕೆ ಎಲ್ಲ ಸರಿ. ದೋಣಿ ಎಳೆದುಕೊಂಡು ದಡದಲ್ಲೇ ನಡೆದು ಮನೆಗೆ ಬಂದಾಗ ಲೆಂಪಿ ಕೋಟು ಬಿಚ್ಚಿ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅದು ನನಗೆ ಆ ನೀರಿಗಿಂತ ತಣ್ಣಗೆ ತಾಗಿತು. ಅವಳು ಎದ್ದು ಬಂದಳು, ನನ್ನ ಹೊಳೆಯುವ ಗೆರೆಯನ್ನು ನೋಡಿದಳು, ನನ್ನ ಜೇಬಿನಿಂದ ಸ್ಕ್ರೂಡ್ರೈವರ್ ಎಳೆದು ಅದರ ತುದಿಯನ್ನು ಗೆರೆಯಲ್ಲಿ ಇಟ್ಟಳು. ಹೊಲಿಸಿದ ಹಾಗೆ ಕೂತಿತು.

“ಗಾಲಿ ಬಿಚ್ಚುವಾಗ ಇದನ್ನ ಹಾಕಿ ಮೀಟಿದ್ಯಾ?”

ಮೀಟಿದ್ದೆ. ವೀಣೆ ಮೀಟುವ ಹಾಗಲ್ಲ, ಗಡಾರಿ ಹಾಕಿ ಮೀಟುವ ಹಾಗೆ. ಕಾರ್ಖಾನೆಯ ಗುರುತೆಂದು ನಾನು ಕೊಂಡಾಡಿದ್ದು ನನ್ನದೇ ಹಸ್ತಾಕ್ಷರ!

ಮೂರು ವಾರ ನಾನು ಯಾರಿಗೂ ತಾಳದ ಮಾತೆತ್ತಲಿಲ್ಲ, ತರಗತಿಯಲ್ಲಿ ಕೂಡ ತಗ್ಗಿದ ದನಿಯಲ್ಲೇ ಪಾಠ ಮಾಡಿದೆ. ಆದರೆ ಆ ಕೋಟು ಮತ್ತೆ ಗೂಟದಲ್ಲಿ ತೂಗುವುದು ಕಂಡಾಗಲೆಲ್ಲ ನನ್ನ ಕಾಲು ಮೋಟರಿನ ಕಡೆಗೇ ಎಳೆಯುತ್ತಿತ್ತು. ಮಾವನವರ ಮೇಜಿನ ಖಾನೆಯಲ್ಲಿ ಮೋಟರಿನ ಜೊತೆಗೆ ಬಂದಿದ್ದ ಪುಸ್ತಕ ಸಿಕ್ಕಿತು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ನಲವತ್ತು ವರ್ಷ ಯಾರೂ ಬಿಡಿಸಿರಲಿಲ್ಲ. ಅದರಲ್ಲಿ ಹೇಳಿದ ಹಾಗೆ ಪಿಸ್ಟನ್ನಿನ ಏರಿಕೆಯನ್ನು ಅಳೆದೆ, ಎರಡು ಸಲ, ಮೂರು ಸಲ. ಈ ಬಾರಿ ವೈನೋ ಅವರಿಂದ ಸಿಗರೇಟಿನ ಕಾಗದವನ್ನೇ ಕೇಳಿ ತಂದೆ. ಎರಡು ಸಿಲಿಂಡರೂ ಒಂದೇ ತೂಕ, ಒಂದೇ ಕಾಲ. ಬ್ಯಾರಲ್ಲಿನ ನೀರಿನಲ್ಲಿ ಓಡಿಸಿ ಕಿವಿಗೊಟ್ಟೆ. ನಯವಾದ ರೇಷ್ಮೆ! ನನ್ನ ಬ್ಯಾಂಡು ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ, ಊಟವಾದ ಮೇಲೆ, ಲೆಂಪಿ ಕಟ್ಟೆಯ ತುದಿಯಲ್ಲಿ ಕೂತು ಮೀನು ಹೆರೆಯುತ್ತಿದ್ದಾಗ ಏನೂ ಹೇಳದೆ ಹೊರಟೆ. ಹುಟ್ಟು ಹಾಕಿಕೊಂಡು ಪೈನ್ ಮರಗಳ ಮೂಲೆ ದಾಟಿ, ಕಣ್ಣಿಗೆ ಮರೆಯಾದ ಮೇಲೆ ಮೋಟರು ಹೊತ್ತಿಸಿದೆ. ಮಾವನವರು ಬರುತ್ತಿದ್ದದ್ದು ಆ ಮೂಲೆ ತಿರುಗಿಯೇ. ಚಿಕ್ಕವಳಿದ್ದಾಗ ಇದೇ ಕಟ್ಟೆಯ ಮೇಲೆ ಕೂತು ಅವಳು ಕಾಯುತ್ತಿದ್ದಳಂತೆ. ನಾನು ಮೂಲೆ ತಿರುಗಿದೆ, ಮುಂದಕ್ಕೆ! ಬಾಣದ ಹಾಗೆ ಬಂದು ಕಟ್ಟೆಗೆ ತಾಗಿಸಿ ಮೋಟರು ನಿಲ್ಲಿಸಿದೆ. ಅವಳು ಮೀನಿನಿಂದ ಕಣ್ಣು ಎತ್ತಿರಲಿಲ್ಲ.

“ಹೇಗಿತ್ತು?” ಎಂದೆ.

“ಏನು?”

“ಸದ್ದು, ಲೆಂಪಿ. ಸದ್ದು.”

ಅವಳು ದೋಣಿಯನ್ನು ನೋಡಿದಳು, ಮೋಟರನ್ನು ನೋಡಿದಳು. “ಅದು ನೀನಾ? ಬೇಸಿಗೆಗೆ ಪಟ್ಟಣದಿಂದ ಬರೋರು ಯಾರೋ ಅಂದ್ಕೊಂಡೆ.”

ನನ್ನ ಮುಖ ಹೇಗಾಯಿತೋ, ಅವಳಿಗೆ ಪಾಪ ಎನ್ನಿಸಿರಬೇಕು. ಚೆನ್ನಾಗಿ ಓಡುತ್ತದೆ, ಬಹಳ ಚೆನ್ನಾಗಿ ಓಡುತ್ತದೆ ಎಂದು ಎರಡು ಸಲ ಹೇಳಿದಳು. ಆದರೆ ಅಪ್ಪನದು ಹೀಗಿರಲಿಲ್ಲ ಎಂದಳು. ಹೇಗಿತ್ತು ಹಾಗಾದರೆ ಎಂದು ಕೇಳಿದೆ. ಚಾಕುವಿನ ಹಿಡಿಯಿಂದ ಹಲಗೆಯ ಮೇಲೆ ಬಡಿದು ತೋರಿಸಿದಳು. ಡುಗ್ ಡುಗ್ ಡುಗ್ ಗುಟುಕ್. ಡುಗ್ ಡುಗ್ ಡುಗ್ ಗುಟುಕ್.

ನನ್ನೊಳಗಿನ ಮೇಷ್ಟ್ರು ತಡೆಯಲಾರದೆ, “ಇದು ತಾಳ ಅಲ್ಲ, ಬಿಕ್ಕಳಿಕೆ,” ಎಂದ.

“ಅದೇ,” ಎಂದಳು ಲೆಂಪಿ.

ಕೈ ತೊಳೆದುಕೊಂಡು ದೋಣಿಗೆ ಇಳಿದಳು. ಗಾಲಿಯ ಮೇಲೊಂದು ಪುಟ್ಟ ಕಿಟಕಿ ಇದೆ, ಅದರ ಮುಚ್ಚಳ ಸರಿಸಿ ಒಳಗಿನ ಒಂದು ಸ್ಕ್ರೂ ಸಡಿಲಿಸಿದಳು. ಕಾಗದವಿಲ್ಲ, ಅಳತೆಯಿಲ್ಲ. ಹೆಬ್ಬೆರಳ ಉಗುರು ತೂರಿಸಿ, ಎರಡನೆಯ ಸಿಲಿಂಡರಿನ ತುಟಿಗಳನ್ನು ಒಂದಿಷ್ಟು ಹತ್ತಿರ ತಂದು ಬಿಗಿದಳು. ನನಗೆ ಸಂಕಟ. ಮೂರು ವಾರದ ತಪಸ್ಸು! ತಡವಾಗುತ್ತದೆ ಲೆಂಪಿ, ಒಂದು ಕಿಡಿ ತಡವಾಗುತ್ತದೆ ಎಂದು ಬಡಬಡಿಸಿದೆ. ಅವಳು ಹಗ್ಗ ಸುತ್ತಿ ಒಂದೇ ಸಲ ಎಳೆದಳು.

ಡುಗ್ ಡುಗ್ ಡುಗ್ ಗುಟುಕ್.

ನಾನು ದೋಣಿಯ ಮೂತಿಯಲ್ಲಿ, ಅವಳು ಚುಕ್ಕಾಣಿ ಹಿಡಿದು ಹಿಂದೆ. ಅವಳ ಕೆನ್ನೆ ಒದ್ದೆಯಾಗಿತ್ತು. ನೀರು ಎರಚಿದ್ದಲ್ಲ, ಆ ದಿನ ಸರೋವರ ಕನ್ನಡಿಯ ಹಾಗಿತ್ತು. ನಾನೂ ಕಣ್ಣು ಒರೆಸಿಕೊಂಡೆ, ಮುಚ್ಚುಮರೆ ಏಕೆ. ಈಗ ವೈನೋ ಇಲ್ಲ, ಹಿಲ್ಯಾ ಇಲ್ಲ, ಆ ಕಟ್ಟೆಗಳಲ್ಲಿ ಅರ್ಧ ಬೇರೆಯವರ ಪಾಲಾಗಿವೆ. ಆದರೆ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಬಿಕ್ಕಳಿಕೆ ಹತ್ತಿರ ಬಂದ ಹಾಗೆ ಕುರ್ಚಿಯಲ್ಲಿ ಕೂತವರು ಬೆರಳು ಎತ್ತಲಿಲ್ಲ, ಎದ್ದು ನಿಂತರು. ಒಂದು ಕಟ್ಟೆಯಾದ ಮೇಲೆ ಇನ್ನೊಂದರಲ್ಲಿ. ವೈನೋ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು, ನಾವು ದಾಟಿ ಹೋಗುವ ತನಕ ಹಾಗೇ ಇದ್ದರು.

ಸ್ವಲ್ಪ ದೂರ ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ, ಅಂದರೆ ಮಾವನವರ ಗುರುತೇ ತಪ್ಪಾಗಿತ್ತೇ ಎಂದು.

“ಹೂಂ. ಎಲ್ಲರಿಗೂ ಗೊತ್ತಿತ್ತು.”

“ನಲವತ್ತು ವರ್ಷ? ಒಬ್ಬರೂ ಹೇಳಲಿಲ್ವಾ?”

“ಅವನ ಕಿವಿಗೆ ಸರಿಯಾಗೇ ಕೇಳ್ತಿತ್ತು. ಖುಷಿಯಾಗಿದ್ದ. ಹೇಳಿ ಯಾಕೆ ಕೆಡಿಸೋದು?”

ನನಗೆ ನಗು ಉಕ್ಕಿತು. ಎಂಥ ಜನ! ಇಡೀ ಸರೋವರ ಸೇರಿ ಒಬ್ಬ ಮನುಷ್ಯನ ತಪ್ಪನ್ನು ನಲವತ್ತು ವರ್ಷ ಮುಚ್ಚಟೆಯಿಂದ ಕಾಪಾಡಿದೆ. ಹೊಟ್ಟೆ ಹಿಡಿದು ನಕ್ಕೆ. ನಗುತ್ತಿದ್ದ ಹಾಗೆ ಒಂದು ಯೋಚನೆ ಬಂದು ನಗು ಅಲ್ಲೇ ನಿಂತಿತು.

“ಲೆಂಪಿ, ನನಗೂ ಹೀಗೇ ಹೇಳದೆ ಬಿಟ್ಟಿರೋದು ಏನಾದ್ರೂ ಇದೆಯಾ?”

ಅವಳು ಚುಕ್ಕಾಣಿಯನ್ನು ಒಂದಿಷ್ಟು ತಿರುಗಿಸಿದಳು. ಮೋಟರು ಎರಡು ಸಲ ಬಿಕ್ಕಳಿಸಿತು.

“ದಿನಾ ಸಂಜೆ ಕಟ್ಟೆ ಮೇಲೆ ನಿಂತು ಕಹಳೆ ಊದ್ತೀಯಲ್ಲ,” ಎಂದಳು. “ಊದ್ತಾ ಇರು.”